ಬಿಗಿಯಾದ ಮುಚ್ಚಳ ಬಿರಿದದ್ದೇಕೆ: ಪಾಲಿಎಥಿಲೀನ್‌ಗೆ ಮೇಣ ಬೆರೆಸಿದ ಒಂದು ಪ್ರಕರಣ

ಒಂದು ಲೀಟರ್ ಡಬ್ಬಿಯ ಮುಚ್ಚಳ. ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಅಂಚಿನ ಒಳಗಡೆ ಸುತ್ತಲೂ ಸಣ್ಣ ಏಣು. ಮೇಲಿನಿಂದ ಒತ್ತಿದರೆ ಅಂಚು ಹಿಗ್ಗಿ, ಏಣು ಡಬ್ಬಿಯ ಬಾಯಿಯ ಕೆಳಗೆ ಟಕ್ಕೆಂದು ಕೂರುತ್ತದೆ. ಕೂತ ಮೇಲೂ ಅಂಚು ತುಸು ಹಿಗ್ಗಿಕೊಂಡೇ ಇರುತ್ತದೆ, ಇಲ್ಲದಿದ್ದರೆ ಮುಚ್ಚಳಕ್ಕೆ ಹಿಡಿತವೇ ಇರುವುದಿಲ್ಲ. ಡಬ್ಬಿಯಲ್ಲಿ ತುಂಬುವುದು ಡಿಟರ್ಜೆಂಟ್ ಇರುವ ತೊಳೆಯುವ ಪೇಸ್ಟ್. ಮುಚ್ಚಳದ ವಸ್ತು ಲೀನಿಯರ್ ಲೋ ಡೆನ್ಸಿಟಿ ಪಾಲಿಎಥಿಲೀನ್, ಅಂದರೆ ಎಲ್‌ಎಲ್‌ಡಿಪಿಇ.

ಇಂಥ ಮುಚ್ಚಳಗಳಿಗೆ ಸಾಮಾನ್ಯವಾಗಿ ಬಳಸುವ ಗ್ರೇಡುಗಳ ಎಂಎಫ್‌ಐ (ಮೆಲ್ಟ್ ಫ್ಲೋ ಇಂಡೆಕ್ಸ್, ಅಂದರೆ ಹರಿವಿನ ಅಳತೆ) 20ರಿಂದ 50ರ ನಡುವೆ ಇರುತ್ತದೆ. 190 ಡಿಗ್ರಿ ಸೆಲ್ಸಿಯಸ್‌ನಲ್ಲಿ, 2.16 ಕಿಲೊ ತೂಕದಡಿ, ಹತ್ತು ನಿಮಿಷದಲ್ಲಿ ಸಣ್ಣ ರಂಧ್ರದಿಂದ ಎಷ್ಟು ಗ್ರಾಂ ಕರಗಿದ ಪ್ಲಾಸ್ಟಿಕ್ ಹೊರಬರುತ್ತದೆ ಎಂಬುದೇ ಆ ಅಂಕಿ. ನಮ್ಮ ಪ್ರಕರಣದ ಗ್ರೇಡು ಈ ವ್ಯಾಪ್ತಿಯ ಕೆಳತುದಿಯಲ್ಲಿತ್ತು. ಮುಚ್ಚಳ ತಯಾರಿಸುವ ಘಟಕದವರು, ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬುವ ಹೊಸ ಅಚ್ಚು ಹಾಕಿಸಿದ್ದರು. ಒಂದೊಂದರಲ್ಲಿ ಒಂದು ಮುಚ್ಚಳ ಮೂಡುವ ಅದರ ಎಂಟು ಕುಳಿಗಳ ಪೈಕಿ ದೂರದ ಎರಡು ಕುಳಿಗಳಲ್ಲಿ ಮುಚ್ಚಳದ ಅಂಚು ಪೂರ್ತಿ ತುಂಬುತ್ತಿರಲಿಲ್ಲ. ಶಾರ್ಟ್ ಶಾಟ್. ಒತ್ತಡ ಏರಿಸಿದರೆ ಹತ್ತಿರದ ಕುಳಿಗಳಲ್ಲಿ ಫ್ಲ್ಯಾಶ್, ಅಂದರೆ ಅಚ್ಚಿನ ಸಂದಿಯಿಂದ ಹೊರನುಗ್ಗಿದ ತೆಳು ಪೊರೆ, ಬರುತ್ತಿತ್ತು. ಅಚ್ಚನ್ನು ತಿದ್ದಲು ಮತ್ತೆ ಟೂಲ್ ರೂಮಿಗೆ ಕಳಿಸಲು ಪುರುಸೊತ್ತಿರಲಿಲ್ಲ. ಆಗ ಬಂದ ಸಲಹೆ: ಸ್ವಲ್ಪ ಮೇಣ ಹಾಕಿ, ಮಾಲು ನೀರಿನಂತೆ ಹರಿಯುತ್ತದೆ.

ಸಲಹೆಯಲ್ಲಿ ಹುರುಳಿಲ್ಲದೇ ಇರಲಿಲ್ಲ. ಮೇಣ ಮತ್ತು ಪಾಲಿಎಥಿಲೀನ್ ರಾಸಾಯನಿಕವಾಗಿ ಒಂದೇ ಮನೆತನದವು, ಎರಡೂ ಇಂಗಾಲ ಮತ್ತು ಜಲಜನಕದ ಸರಪಳಿಗಳು. ಪ್ಯಾರಾಫಿನ್ ಮೇಣದ ಸರಪಳಿಯಲ್ಲಿ ಹೆಚ್ಚಾಗಿ 20ರಿಂದ 40 ಇಂಗಾಲ, ಪಾಲಿಎಥಿಲೀನ್‌ನಲ್ಲಿ ಸಾವಿರಗಟ್ಟಲೆ. ಕರಗಿದ ಸ್ಥಿತಿಯಲ್ಲಿ ಎರಡೂ ಚೆನ್ನಾಗಿ ಬೆರೆಯುತ್ತವೆ. ತೊಡಕು ಶುರುವಾಗುವುದು ತಣ್ಣಗಾದ ಮೇಲೆ.

ಮೊದಲ ಸುತ್ತು: ಮೃದು ಮೇಣ

ಮೊದಲು ಹಾಕಿದ್ದು 60 ಡಿಗ್ರಿಯೊಳಗೆ ಕರಗುವ ಮಾಮೂಲಿ ಪ್ಯಾರಾಫಿನ್. ಪ್ರಮಾಣ ತೂಕದಲ್ಲಿ ಹತ್ತಕ್ಕೆ ಒಂದು. ಎಂಎಫ್‌ಐ ನಿರೀಕ್ಷೆಯಂತೆ ಏರಿತು, ದೂರದ ಕುಳಿಗಳೂ ತುಂಬಿದವು. ಆದರೆ ಅಂದೇ ಬೇರೆ ತೊಂದರೆಗಳು ತಲೆ ಹಾಕಿದವು.

ಮೊದಲನೆಯದು ಹೊಗೆ. ಪ್ಲಾಸ್ಟಿಕ್ಕನ್ನು ಕರಗಿಸುವ ಬಿಸಿ ಕೊಳವೆಯ, ಅಂದರೆ ಬ್ಯಾರೆಲ್‌ನ, ಉಷ್ಣತೆ 220 ಡಿಗ್ರಿಯ ಮೇಲಿತ್ತು. ಪ್ಯಾರಾಫಿನ್‌ನ ಹಗುರ ಅಂಶಗಳು 200 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ತೊಡಗುತ್ತವೆ, ಪಾಲಿಎಥಿಲೀನ್ ಮಾತ್ರ 400 ಡಿಗ್ರಿ ದಾಟುವವರೆಗೆ ತೂಕ ಕಳೆದುಕೊಳ್ಳುವುದಿಲ್ಲ (ಸಾರಜನಕದಲ್ಲಿ ಅಳೆದರೆ). ಮಿಶ್ರಣವನ್ನು ತೂಕನಷ್ಟದ ಪರೀಕ್ಷೆಗೆ ಹಾಕಿದರೆ ನಕ್ಷೆಯಲ್ಲಿ ಎರಡು ಮೆಟ್ಟಿಲು ಕಾಣುತ್ತವೆ: ಮೇಣ ಹೋಗುವ ಸಣ್ಣ ಮೆಟ್ಟಿಲು ಮೊದಲು, ಪ್ಲಾಸ್ಟಿಕ್ ಒಡೆಯುವ ದೊಡ್ಡ ಮೆಟ್ಟಿಲು ಆಮೇಲೆ. ಇಲ್ಲಿ ಒಂದು ಮಾತು ಹೇಳಬೇಕು. ಉಷ್ಣತೆಯನ್ನು ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸುತ್ತಾ ಮಾಡುವ ಮಾಮೂಲಿ ಪರೀಕ್ಷೆ ಬ್ಯಾರೆಲ್‌ನೊಳಗಿನ ಸ್ಥಿತಿಯನ್ನು ತೋರಿಸುವುದಿಲ್ಲ. ಮಾಲು ಬ್ಯಾರೆಲ್‌ನಲ್ಲಿ ಕೆಲವು ನಿಮಿಷ ಒಂದೇ ಉಷ್ಣತೆಯಲ್ಲಿ ಕೂತಿರುತ್ತದೆ, ಹಾಗಾಗಿ 230 ಡಿಗ್ರಿಯಲ್ಲಿ ನಿಲ್ಲಿಸಿ ಕಾದು ನೋಡುವುದೇ ಸರಿ. ಅಚ್ಚಿನ ವೆಂಟುಗಳ ಬಾಯಲ್ಲಿ ಕಟ್ಟಿಕೊಂಡ ಹಳದಿ ಜಿಡ್ಡನ್ನು ಉಗುರಿನಿಂದ ಕೆರೆದು ತೆಗೆಯಬಹುದಿತ್ತು. ಹೊರಗೆ ಹೋಗಬೇಕಾದ ಗಾಳಿಗೆ ದಾರಿ ಮುಚ್ಚಿದ ಮೇಲೆ ಶಾರ್ಟ್ ಶಾಟ್ ಮತ್ತೆ ಬಾರದೆ ಇರುತ್ತದೆಯೇ? ಬಂತು.

ಎರಡನೆಯದು ಸ್ಕ್ರೂ ಜಾರುವಿಕೆ. ಮಾಲಿನ ಕಾಳುಗಳನ್ನು ಬ್ಯಾರೆಲ್‌ನೊಳಗೆ ತಿರುಗುವ ಸ್ಕ್ರೂ ಮುಂದಕ್ಕೆ ತಳ್ಳುವುದು ಅವು ಬ್ಯಾರೆಲ್ ಗೋಡೆಗೆ ಉಜ್ಜಿ ಹಿಡಿದುಕೊಳ್ಳುವುದರಿಂದ. ಕಾಳು ಸುರಿಯುವ ಹಾಪರ್‌ನ ಕೆಳಗೆ ಬಿಸಿ ತಗುಲುತ್ತಲೇ ಮೇಣ ಕರಗಿ ಗೋಡೆಗೆ ಸವರಿಕೊಂಡರೆ ಆ ಹಿಡಿತ ಹೋಗುತ್ತದೆ. ಮಾಲು ತುಂಬಿಕೊಳ್ಳುವ ಸಮಯ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮುಚ್ಚಳದ ತೂಕವೂ ಹಾಗೇ ಏರುಪೇರು. ಅಷ್ಟೇ ಅಲ್ಲ, ಕರಗಿದ ಮಾಲು ತೆಳ್ಳಗಾದಷ್ಟೂ ಸ್ಕ್ರೂ ತಿರುಗುವಾಗ ಉಜ್ಜಿ ಹುಟ್ಟುವ ಬಿಸಿ ಕಡಿಮೆ. ಹೀಟರ್ ತೋರಿಸುವ ಅಂಕಿ ಅದೇ ಇದ್ದರೂ ಮಾಲಿನ ನಿಜವಾದ ಉಷ್ಣತೆ ಇಳಿದಿರುತ್ತದೆ. ಮೇಣ ಒಂದು ಕೈಯಲ್ಲಿ ಕೊಟ್ಟ ಹರಿವನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ.

ಮೂರನೆಯದು ಮುಚ್ಚಳದ ಮೇಲೆಯೇ ಕಂಡಿತು. ಗೋದಾಮಿನಲ್ಲಿ ಬೆಚ್ಚಗೆ ಕೂತ ಮುಚ್ಚಳಗಳ ಮೇಲೆ ಬೆಳ್ಳನೆಯ ಮಬ್ಬು, ಮುಟ್ಟಿದರೆ ಜಾರು. ಮುದ್ರಣದ ಶಾಯಿ ಅದರ ಮೇಲೆ ನಿಲ್ಲಲಿಲ್ಲ. ತಣ್ಣಗಾಗುವಾಗ ಪಾಲಿಎಥಿಲೀನ್ ಮೊದಲು ಸ್ಫಟಿಕಗಟ್ಟುತ್ತದೆ, 100 ಡಿಗ್ರಿಯ ಮೇಲೆಯೇ. ಮೇಣ ಆಗ ಇನ್ನೂ ದ್ರವ. ಬೆಳೆಯುವ ಸ್ಫಟಿಕಗಳು ಅದನ್ನು ಪಕ್ಕಕ್ಕೆ ಸರಿಸುತ್ತವೆ. ಸ್ಫಟಿಕ ಪದರಗಳ ನಡುವಿನ ಅಸ್ತವ್ಯಸ್ತ ಜಾಗದಲ್ಲಿ, ಸ್ಫಟಿಕ ಗುಚ್ಛಗಳ ಗಡಿಗಳಲ್ಲಿ ಅದು ಉಳಿದುಕೊಂಡು ಐವತ್ತರ ಆಸುಪಾಸಿಗೆ ಬಂದಾಗ ಗಟ್ಟಿಯಾಗುತ್ತದೆ. ಪ್ಯಾರಾಫಿನ್ ಕರಗುವಾಗ ಅದರ ಗಾತ್ರ ಶೇಕಡಾ 10ರಿಂದ 15ರಷ್ಟು ಹಿಗ್ಗುತ್ತದೆ. ಬಿಸಿ ಗೋದಾಮಿನಲ್ಲಿ ಅರೆಬರೆ ಕರಗಿ ಹಿಗ್ಗಿದ ಮೇಣಕ್ಕೆ ಒಳಗೆ ಜಾಗ ಸಾಲದೆ ಮೇಲ್ಮೈಗೆ ಜಿನುಗುತ್ತದೆ.

ಮಾದರಿ ಯಾವ ಉಷ್ಣತೆಯಲ್ಲಿ ಎಷ್ಟು ಬಿಸಿ ಹೀರುತ್ತದೆ ಎಂದು ಅಳೆಯುವ ಉಷ್ಣ ವಿಶ್ಲೇಷಣೆಯಲ್ಲಿ, ಅಂದರೆ ಡಿಎಸ್‌ಸಿಯಲ್ಲಿ, ಇದೆಲ್ಲ ಕನ್ನಡಿಯಷ್ಟು ಸ್ಪಷ್ಟ. 60ರೊಳಗೆ ಮೇಣದ ಉಬ್ಬು ಒಂದು, 120ರ ಸುತ್ತ ಎಲ್‌ಎಲ್‌ಡಿಪಿಇಯ ಉಬ್ಬು ಇನ್ನೊಂದು. ಮೇಣದ ಮುಖ್ಯ ಉಬ್ಬಿಗಿಂತ ಹತ್ತಿಪ್ಪತ್ತು ಡಿಗ್ರಿ ಮೊದಲೇ ಒಂದು ಚಿಕ್ಕ ಉಬ್ಬೂ ಇರುತ್ತದೆ. ಅದು ಕರಗುವಿಕೆಯಲ್ಲ, ಘನವಾಗಿದ್ದುಕೊಂಡೇ ಅಣುಗಳು ತಮ್ಮ ಅಕ್ಷದ ಸುತ್ತ ಸಡಿಲವಾಗಿ ಹೊರಳತೊಡಗುವ ಘಟ್ಟ. ಹಾಗಾಗಿ '58 ಡಿಗ್ರಿಯ ಮೇಣ' ಎಂದು ಚೀಟಿಯಲ್ಲಿದ್ದರೂ ಮಿಶ್ರಣ ಮೆತ್ತಗಾಗುವುದು 40ರ ಸುತ್ತಲೇ ಶುರು. ಮುಚ್ಚಳ ಕೋಣೆಯ ಉಷ್ಣತೆಯಲ್ಲೂ ಮೆತ್ತಗಿತ್ತು, ಬಿಸಿಲು ತಾಗಿದರೆ ಇನ್ನೂ ಮೆತ್ತಗೆ.

ಈ ಸುತ್ತಿನ ಬಗ್ಗೆ ಇದಕ್ಕಿಂತ ಹೇಳುವುದಿಲ್ಲ. ತಪ್ಪು ಕಣ್ಣಿಗೆ ಕಂಡಿತು, ಮೂಗಿಗೆ ಬಡಿಯಿತು, ಮೇಣ ವಾಪಸ್ಸಾಯಿತು. ನಿಜವಾದ ಪ್ರಕರಣ ಇದರ ನಂತರದ್ದು.

ಎರಡನೆಯ ಸುತ್ತು: ಗಟ್ಟಿ ಮೇಣ

ಮೃದು ಮೇಣದ ಬದಲು ಗಟ್ಟಿ ಮೇಣ ತರಿಸಿದರು. ಫಿಶರ್–ಟ್ರೋಪ್ಶ್ ಮೇಣ ಎಂದು ಮಾರಾಟವಾಗುವ ಬಗೆ. 1920ರ ದಶಕದಲ್ಲಿ ಜರ್ಮನಿಯ ಫ್ರಾಂಜ್ ಫಿಶರ್ ಮತ್ತು ಹಾನ್ಸ್ ಟ್ರೋಪ್ಶ್ ಕಲ್ಲಿದ್ದಲಿನಿಂದ ಪಡೆದ ಅನಿಲವನ್ನು ದ್ರವ ಇಂಧನವಾಗಿಸಲು ಕಂಡುಕೊಂಡ ವಿಧಾನದಲ್ಲಿ ಹುಟ್ಟುವ ಉದ್ದ ಸರಪಳಿಗಳಿವು. ನೇರ ಸರಪಳಿ, ಅಣುತೂಕ 700ರ ಆಸುಪಾಸು, ಅಂದರೆ ಸುಮಾರು 50 ಇಂಗಾಲ. ಕರಗುವುದು 100 ಡಿಗ್ರಿಯ ಹತ್ತಿರ. ಪ್ರಮಾಣ ಮೊದಲಿನಂತೆಯೇ ಹತ್ತಕ್ಕೆ ಒಂದು.

ಹೊಗೆ ಬಹುಮಟ್ಟಿಗೆ ನಿಂತಿತು. ಮಬ್ಬು ಕಾಣಲಿಲ್ಲ. ಶಾಯಿ ಹಿಡಿಯಿತು. ಕುಳಿಗಳು ತುಂಬಿದವು. ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಳ ಮೊದಲಿಗಿಂತ ಬಿಗಿಯಾಗಿತ್ತು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಗೊತ್ತಾಗುವಷ್ಟು. ಕೂರುವಾಗಿನ ಟಕ್ ಸದ್ದೂ ಚೊಕ್ಕವಾಯಿತು. ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದವರ ಮಾತು ಈಗಲೂ ಕಿವಿಯಲ್ಲಿದೆ: "ಸಾರ್, ಕಡಿಮೆ ಮಾಲಿನಲ್ಲಿ ಹೈ ಡೆನ್ಸಿಟಿ ಥರ ಬಂದಿದೆ, ನೋಡಿ."

ಹೈ ಡೆನ್ಸಿಟಿ ಎಂದರೆ ಇದಕ್ಕಿಂತ ಬಿಗಿಯಾದ ಇನ್ನೊಂದು ಬಗೆಯ ಪಾಲಿಎಥಿಲೀನ್. ಬಿಗಿಯಾದದ್ದು ಭ್ರಮೆಯಲ್ಲ. ಎಲ್‌ಎಲ್‌ಡಿಪಿಇಯಲ್ಲಿ ಸ್ಫಟಿಕಾಂಶ ಅರ್ಧಕ್ಕಿಂತ ಕಡಿಮೆ. ಪೂರ್ತಿ ಸ್ಫಟಿಕವಾದ ಪಾಲಿಎಥಿಲೀನ್ ಕರಗಲು ಗ್ರಾಂಗೆ 293 ಜೂಲ್ ಬೇಕು ಎಂಬುದು ಒಪ್ಪಿತ ಅಂಕಿ. ಎಲ್‌ಎಲ್‌ಡಿಪಿಇಗೆ 120 ಜೂಲ್ ಬಂದರೆ ಸ್ಫಟಿಕಾಂಶ ಸುಮಾರು ಶೇ 41. ಗಟ್ಟಿ ಮೇಣದ್ದು ಇದಕ್ಕಿಂತ ಬಹಳ ಹೆಚ್ಚು, ಗ್ರಾಂಗೆ 200 ಜೂಲ್ ಅಥವಾ ಅದಕ್ಕೂ ಮೇಲೆ. ಅದನ್ನು ಬೆರೆಸಿದರೆ ಒಟ್ಟು ಸ್ಫಟಿಕಾಂಶ ಏರುತ್ತದೆ, ಅದರ ಜೊತೆ ಮಾಡ್ಯುಲಸ್ಸೂ, ಅಂದರೆ ಬಿಗಿತದ ಅಳತೆಯೂ, ಏರುತ್ತದೆ. ದಕ್ಷಿಣ ಆಫ್ರಿಕಾದ ಆಡ್ರಿಯಾನ್ ಲಾಯ್ಟ್ ಮತ್ತು ಸ್ಲೊವಾಕಿಯಾದ ಇಗೊರ್ ಕ್ರೂಪಾ 2000ದ ಸುಮಾರಿಗೆ ಪ್ರಕಟಿಸತೊಡಗಿದ ಎಲ್‌ಎಲ್‌ಡಿಪಿಇ–ಮೇಣ ಮಿಶ್ರಣಗಳ ಅಧ್ಯಯನಗಳಲ್ಲೂ ಗಟ್ಟಿ ಮೇಣ ಬೆರೆತಾಗ ಮಾಡ್ಯುಲಸ್ ಏರುವುದನ್ನು ಕಾಣಬಹುದು. ತುಂಡಾಗುವ ಮುನ್ನ ಮಾದರಿ ಎಷ್ಟು ಹಿಗ್ಗುತ್ತದೆ ಎಂಬುದು ಇಳಿಯುವುದೂ ಅಲ್ಲೇ ಇದೆ. ಘಟಕದವರ ಪರೀಕ್ಷಾ ಚೀಟಿಯಲ್ಲಿ ಈ ಎರಡನೆಯದು ಇರಲಿಲ್ಲ. ಇದ್ದದ್ದು ಎಂಎಫ್‌ಐ, ಸಾಂದ್ರತೆ, ಬಾಗುವ ಮಾಡ್ಯುಲಸ್, ಯೀಲ್ಡ್ ಬಲ (ಎಳೆದಾಗ ವಸ್ತು ಮತ್ತೆ ಮೊದಲಿನಂತಾಗದಷ್ಟು ಹಿಗ್ಗತೊಡಗುವ ಸೆಳೆತ). ನಾಲ್ಕರಲ್ಲೂ ಮಿಶ್ರಣ ಪಾಸಾಯಿತು, ಎರಡರಲ್ಲಿ ಮೂಲ ಗ್ರೇಡಿಗಿಂತ ಮುಂದಿತ್ತು.

ಡಿಎಸ್‌ಸಿ ನಕ್ಷೆಯೂ ಭರವಸೆ ಹುಟ್ಟಿಸುವಂತೆಯೇ ಇತ್ತು. ಮೃದು ಮೇಣದ ಕಾಲಕ್ಕೆ ಎರಡು ಉಬ್ಬುಗಳಿದ್ದವಲ್ಲ, ಈಗ ಒಂದೇ. ಗಟ್ಟಿ ಮೇಣ ಕರಗುವ ಉಷ್ಣತೆ ಎಲ್‌ಎಲ್‌ಡಿಪಿಇಯ ಕೆಳಗಿನ ಇಳಿಜಾರಿನಲ್ಲೇ ಬರುವುದರಿಂದ ಎರಡೂ ಒಂದರೊಳಗೊಂದು ಕೂತಿದ್ದವು. ಶಿಖರ ಒಂದೆರಡು ಡಿಗ್ರಿ ಕೆಳಗೆ ಸರಿದಿತ್ತು, ಎಡದ ಭುಜ ಸ್ವಲ್ಪ ದಪ್ಪಗಾಗಿತ್ತು. ಇದನ್ನು ನೋಡಿದವರು 'ಪೂರ್ತಿ ಬೆರೆತಿದೆ, ಇನ್ನೇನು ಭಯ' ಎಂದರು. ಬೆರೆತಿತ್ತು, ನಿಜ. ಕವಲುಗಳಿರುವ ಎಲ್‌ಎಲ್‌ಡಿಪಿಇ ಸರಪಳಿಗಳಲ್ಲಿ ಕವಲುಗಳ ನಡುವಿನ ಚಿಕ್ಕ ನೇರ ತುಣುಕುಗಳು ಕಟ್ಟುವ ತೆಳು ಸ್ಫಟಿಕಗಳೊಳಗೆ ಮೇಣದ ಅಣುಗಳೂ ಸೇರಿಕೊಳ್ಳಬಲ್ಲವು. ಆದರೆ ಒಳ್ಳೆಯ ಬೆರಕೆ ಎಂದರೆ ಒಳ್ಳೆಯ ತಾಳಿಕೆ ಎಂದು ಯಾರು ಹೇಳಿದರು? ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿದ ಕಾಗದ ಆ ಒಂದೇ ಉಬ್ಬಿನ ನಕ್ಷೆ.

ಅಂಚಿನಲ್ಲಿ ಬಿರುಕು

ಕೆಲವು ವಾರಗಳ ನಂತರ ದೂರು ಬಂತು. ತುಂಬಿಟ್ಟ ಡಬ್ಬಿಗಳ ಮುಚ್ಚಳಗಳಲ್ಲಿ ಬಿರುಕು. ಯಾರೂ ಬೀಳಿಸಿರಲಿಲ್ಲ, ಮೇಲೆ ಭಾರ ಹೇರಿರಲಿಲ್ಲ. ಖಾಲಿ ಮುಚ್ಚಳಗಳ ದಾಸ್ತಾನಿನಲ್ಲಿ ಒಂದೂ ಬಿರಿದಿರಲಿಲ್ಲ. ಡಬ್ಬಿಯ ಮೇಲೆ ಕೂತವು ಮಾತ್ರ, ಅದರಲ್ಲೂ ಪೇಸ್ಟು ಅಂಚಿಗೆ ತಾಗಿದ ಕಡೆ.

ಬಿರುಕುಗಳೆಲ್ಲ ಒಂದೇ ಜಾಗದಲ್ಲಿ ಹುಟ್ಟಿದ್ದವು: ಅಂಚಿನ ಒಳಗಿನ ಏಣು ಗೋಡೆಯನ್ನು ಸೇರುವ ಮೂಲೆಯಲ್ಲಿ. ಅಲ್ಲಿಂದ ಅಂಚಿಗೆ ಅಡ್ಡಲಾಗಿ ಮೇಲಕ್ಕೆ ಹಬ್ಬಿದ್ದವು. ಬಿರುಕು ಸುತ್ತಳತೆಗೆ ಅಡ್ಡಲಾಗಿದೆ ಎಂದರೆ ಎಳೆದದ್ದು ಸುತ್ತಳತೆಯ ದಿಕ್ಕಿನ ಸೆಳೆತ, ಮುಚ್ಚಳ ಡಬ್ಬಿಯ ಬಾಯನ್ನು ಅಪ್ಪಿಕೊಳ್ಳುವಾಗ ಹುಟ್ಟುವ ಸೆಳೆತವೇ. ಒಂದು ಬಿರುಕನ್ನು ಬಿಡಿಸಿ ಮುರಿದ ಮೈಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ನಯವಾದ, ಮಂಕಾದ ಮೇಲ್ಮೈ. ನಾರಿನಂಥ ಎಳೆಗಳು ಅಲ್ಲೊಂದು ಇಲ್ಲೊಂದು, ಅವೂ ಮೊಂಡು. ಮೇಣವಿಲ್ಲದ ಮುಚ್ಚಳವನ್ನು ಅದೇ ಜಾಗದಲ್ಲಿ ಕೊಯ್ದು ಹರಿದು ನೋಡಿದರೆ ಮೈ ಬಿಳಿಚಿಕೊಂಡು ಉದ್ದುದ್ದ ಎಳೆಗಳು ನಿಲ್ಲುತ್ತಿದ್ದವು. ಒಂದೇ ಪಾಲಿಮರ್ ಎಂದು ನಂಬುವುದು ಕಷ್ಟವಾಗಿತ್ತು.

ಡಿಟರ್ಜೆಂಟ್ ಪಾಲಿಎಥಿಲೀನನ್ನು ಕರಗಿಸುವುದಿಲ್ಲ, ರಾಸಾಯನಿಕವಾಗಿ ಕಚ್ಚುವುದೂ ಇಲ್ಲ. ಸೆಳೆತದಲ್ಲಿರುವ ಜಾಗಕ್ಕೆ ಇಳಿದು, ಸ್ಫಟಿಕಗಳ ನಡುವೆ ಬಿಗಿದುಕೊಂಡಿರುವ ಸರಪಳಿಗಳು ಜಾರಿ ಬಿಡಿಸಿಕೊಳ್ಳುವುದನ್ನು ಸುಲಭ ಮಾಡಿಕೊಡುತ್ತದೆ, ಅಷ್ಟೇ. ಸೆಳೆತವಿಲ್ಲದಿದ್ದರೆ ಮುಚ್ಚಳ ವರ್ಷಗಟ್ಟಲೆ ಅದರಲ್ಲಿ ಮುಳುಗಿದ್ದರೂ ಏನೂ ಆಗದು. ಇದನ್ನು ಎನ್ವಿರಾನ್‌ಮೆಂಟಲ್ ಸ್ಟ್ರೆಸ್ ಕ್ರ್ಯಾಕಿಂಗ್ ಎನ್ನುತ್ತಾರೆ, ನಾನು ಮುಂದೆ ಇಎಸ್‌ಸಿ ಎನ್ನುತ್ತೇನೆ. ಪಾಲಿಎಥಿಲೀನ್‌ಗೆ ಇದು ಹಳೆಯ ಶತ್ರು. ಅದಕ್ಕೆಂದೇ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ1693 ಎಂಬ ಪರೀಕ್ಷೆ ಇದೆ. ಹತ್ತು ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದರ ಮೇಲೂ ಬ್ಲೇಡಿನಿಂದ ಗೀರು ಹಾಕಿ, ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ ಲೋಹದ ಚೌಕಟ್ಟಿನಲ್ಲಿ ಸಿಕ್ಕಿಸಿ, ಬೆಚ್ಚಗಿನ ಡಿಟರ್ಜೆಂಟ್ ದ್ರವದ ಕೊಳವೆಯಲ್ಲಿ ಇಳಿಬಿಡುತ್ತಾರೆ. ಅರ್ಧದಷ್ಟು ಪಟ್ಟಿಗಳು ಬಿರಿಯಲು ಎಷ್ಟು ಗಂಟೆ ಬೇಕಾಯಿತು ಎಂಬುದೇ ಫಲಿತಾಂಶ.

ಈ ಪರೀಕ್ಷೆ ಘಟಕದ ಚೀಟಿಯಲ್ಲಿರಲಿಲ್ಲ. ಮೂಲ ಗ್ರೇಡಿನ ತಯಾರಕರು ಅದನ್ನು ಮಾಡಿಯೇ ಗ್ರೇಡು ಕೊಟ್ಟಿರುತ್ತಾರೆ ಎಂಬ ನಂಬಿಕೆ ಸರಿಯೇ, ಆದರೆ ಆ ಭರವಸೆ ಅವರ ಮಾಲಿಗೆ. ಅದರಲ್ಲಿ ಹತ್ತನೇ ಒಂದು ಭಾಗ ಬೇರೇನೋ ಸೇರಿದ ಮೇಲೆ ಅದು ಅನ್ವಯಿಸುವುದಿಲ್ಲ. ನಾವು ಎರಡೂ ಮಾಲನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿದೆವು. ಮೇಣವಿದ್ದ ಪಟ್ಟಿಗಳು ಸಾಲಾಗಿ ಬಿರಿದು ಮುಗಿದಾಗ ಮೇಣವಿಲ್ಲದವುಗಳಲ್ಲಿ ಒಂದೂ ಬಿರಿದಿರಲಿಲ್ಲ.

ಎಳೆತದ ಪರೀಕ್ಷೆಯನ್ನೂ ಮತ್ತೆ ಮಾಡಿದೆವು, ಈ ಸಲ ಯೀಲ್ಡ್ ದಾಟಿದ ಮೇಲೆ ಯಂತ್ರ ನಿಲ್ಲಿಸದೆ. ವ್ಯತ್ಯಾಸ ಅಲ್ಲಿ ಎದ್ದು ಕಂಡಿತು. ಮೂಲ ಗ್ರೇಡು ಯೀಲ್ಡ್ ಆದ ಮೇಲೆ ಸೊಂಟ ಸಣ್ಣದಾಗಿ ಹಿಗ್ಗುತ್ತಾ ಹಿಗ್ಗುತ್ತಾ ಹೋಗಿ, ಕೊನೆಯಲ್ಲಿ ಮತ್ತೆ ಬಿಗಿಗೊಂಡು ಬಲ ಏರುತ್ತದೆ. ಸರಪಳಿಗಳು ಎಳೆತದ ದಿಕ್ಕಿಗೆ ಸಾಲುಗೂಡಿ ಭಾರ ಹಂಚಿಕೊಳ್ಳುವುದರಿಂದ ಹಾಗಾಗುತ್ತದೆ. ಮೇಣವಿದ್ದ ಮಾದರಿಯ ಯೀಲ್ಡ್ ತುಸು ಎತ್ತರದಲ್ಲಿತ್ತು, ಆಮೇಲಿನ ಏರಿಕೆಯೇ ಸೊರಗಿತ್ತು. ಕೊನೆಯ ಬಿಗಿತ ಬರುವ ಮೊದಲೇ ಪಟ್ಟಿ ತುಂಡಾಗುತ್ತಿತ್ತು. ಯೀಲ್ಡ್‌ವರೆಗೆ ಮಾತ್ರ ನೋಡಿದವರಿಗೆ ಮಿಶ್ರಣ ಗೆದ್ದಂತೆ, ಪೂರ್ತಿ ನೋಡಿದವರಿಗೆ ಸೋತಂತೆ.

ಅಣುಗಳ ಲೆಕ್ಕ

ತೂಕದಲ್ಲಿ ಹತ್ತಕ್ಕೆ ಒಂದು ಎಂದರೆ ಸಣ್ಣ ಪ್ರಮಾಣ ಎನಿಸುತ್ತದೆ. ಎಣಿಕೆಯಲ್ಲಿ ನೋಡೋಣ. ಎಲ್‌ಎಲ್‌ಡಿಪಿಇಯ ಸಂಖ್ಯಾ ಸರಾಸರಿ (ಪ್ರತಿ ಅಣುವನ್ನೂ ಸಮನಾಗಿ ಎಣಿಸಿ ತೆಗೆದ ಸರಾಸರಿ) ಅಣುತೂಕ 15,000 ಎಂದಿಟ್ಟುಕೊಳ್ಳಿ, ಮೇಣದ್ದು 700. ನೂರು ಗ್ರಾಂ ಮಿಶ್ರಣದಲ್ಲಿ 90 ಗ್ರಾಂ ಪಾಲಿಮರ್ ಅಂದರೆ 0.006 ಮೋಲ್, 10 ಗ್ರಾಂ ಮೇಣ ಅಂದರೆ 0.0143 ಮೋಲ್. ಒಟ್ಟು ಅಣುಗಳಲ್ಲಿ ನೂರಕ್ಕೆ 70 ಮೇಣದವು! ಮೊದಲ ಸುತ್ತಿನ ಮೃದು ಮೇಣದ ಅಣುತೂಕ 400 ಎಂದು ಹಿಡಿದರೆ ನೂರಕ್ಕೆ 80. ಸಂಖ್ಯಾ ಸರಾಸರಿ ಅಣುತೂಕ ಹೀಗೆ ಪಾತಾಳಕ್ಕಿಳಿದಿದ್ದರೂ ಎಂಎಫ್‌ಐ ಅಷ್ಟು ಹುಚ್ಚಾಪಟ್ಟೆ ಏರುವುದಿಲ್ಲ. ಕರಗಿದ ಮಾಲಿನ ಸ್ನಿಗ್ಧತೆ (ಹರಿಯಲು ತೋರುವ ಅಡ್ಡಿ) ಅವಲಂಬಿಸುವುದು ಭಾರದ ಅಣುಗಳಿಗೆ ಹೆಚ್ಚು ಬೆಲೆ ಕೊಡುವ ತೂಕ ಸರಾಸರಿಯನ್ನು, ಅದರ 3.4ನೇ ಘಾತವನ್ನು. ಮೇಣ ಹತ್ತನೇ ಒಂದು ಭಾಗ ಇದ್ದಾಗ ತೂಕ ಸರಾಸರಿ ಹೆಚ್ಚುಕಡಿಮೆ 0.9ಕ್ಕೆ ಇಳಿಯುತ್ತದೆ, 0.9ರ 3.4ನೇ ಘಾತ 0.70. ಅಂದರೆ ಸ್ನಿಗ್ಧತೆ ಸುಮಾರು ಶೇ 30 ಕಡಿಮೆ. ಒರಟು ಲೆಕ್ಕವೇ, ಆದರೆ ಕೈಗೆ ಸಿಕ್ಕಿದ ಲಾಭ ಎಷ್ಟರ ಮಟ್ಟಿನದು ಎಂದು ಹೇಳುತ್ತದೆ.

ಕೊಟ್ಟ ಬೆಲೆ ಬೇರೆ ಕಡೆ ಇದೆ. ಪಾಲಿಎಥಿಲೀನ್ ಗಟ್ಟಿಯಾದಾಗ ಸರಪಳಿಗಳು ಮಡಿಕೆ ಮಡಿಕೆಯಾಗಿ ತೆಳು ಸ್ಫಟಿಕ ಪದರಗಳನ್ನು ಕಟ್ಟುತ್ತವೆ. ಎಲ್‌ಎಲ್‌ಡಿಪಿಇಯಲ್ಲಿ ಈ ಪದರದ ದಪ್ಪ 5ರಿಂದ 10 ನ್ಯಾನೊಮೀಟರ್ ಮಟ್ಟದ್ದು. ಪದರ ಪದರದ ನಡುವೆ ಅಸ್ತವ್ಯಸ್ತ ಭಾಗ. ಕೆಲವು ಸರಪಳಿಗಳು ಒಂದು ಪದರದಿಂದ ಹೊರಟು, ನಡುವಿನ ಜಾಗ ದಾಟಿ, ಪಕ್ಕದ ಪದರದೊಳಗೆ ಬೇರು ಬಿಟ್ಟಿರುತ್ತವೆ. ಹೊಲಿಗೆಯ ದಾರವಿದ್ದ ಹಾಗೆ ಪದರಗಳನ್ನು ಬಿಡದೆ ಹಿಡಿಯುವುದು ಇವೇ, ಇವಕ್ಕೆ ಟೈ ಸರಪಳಿಗಳೆಂದು ಹೆಸರು. ಹಾಗೆ ದಾಟಲು ಸರಪಳಿ ಕನಿಷ್ಠ ಎರಡು ಪದರಗಳ ದಪ್ಪ ಮತ್ತು ನಡುವಿನ ಅಂತರ ಸೇರಿದಷ್ಟು ಉದ್ದವಿರಬೇಕು. ಪೂರ್ತಿ ಚಾಚಿದ ಸರಪಳಿಯಲ್ಲಿ ಒಂದು ಇಂಗಾಲಕ್ಕೆ 0.127 ನ್ಯಾನೊಮೀಟರ್. 15,000 ಅಣುತೂಕದ ಸರಪಳಿಯಲ್ಲಿ ಸಾವಿರಕ್ಕೂ ಹೆಚ್ಚು ಇಂಗಾಲ, ಚಾಚಿದರೆ 130 ನ್ಯಾನೊಮೀಟರ್‌ಗೂ ಉದ್ದ. ಗಟ್ಟಿ ಮೇಣದ 50 ಇಂಗಾಲದ ಅಣು? ಆರೂ ಚಿಲ್ಲರೆ. ಒಂದು ಪದರದೊಳಗೇ ಅದರ ಕಥೆ ಮುಗಿಯಿತು. ಸ್ಫಟಿಕವನ್ನು ಹೆಚ್ಚಿಸುತ್ತದೆ, ಹಿಡಿಯುವ ಕೆಲಸ ಮಾಡುವುದಿಲ್ಲ. ಪಾಲಿಎಥಿಲೀನ್ ಸರಪಳಿಗಳು ಒಂದಕ್ಕೊಂದು ಸಿಕ್ಕುಹಾಕಿಕೊಳ್ಳಲು ಬೇಕಾದ ತುಣುಕಿನ ಅಣುತೂಕ ಸಾವಿರದ ಆಸುಪಾಸು ಎನ್ನುತ್ತಾರೆ. ಮೇಣ ಅದಕ್ಕೂ ಚಿಕ್ಕದು, ಹಾಗಾಗಿ ಸಿಕ್ಕಿಗೂ ಬಾರದು.

ಬಿಗಿತ ಸ್ಫಟಿಕಾಂಶದಿಂದ ಬರುತ್ತದೆ, ನಿಧಾನವಾಗಿ ಹಬ್ಬುವ ಬಿರುಕನ್ನು ತಡೆಯುವುದು ಟೈ ಸರಪಳಿ ಮತ್ತು ಸಿಕ್ಕುಗಳಿಂದ. ಮೇಣ ಮೊದಲನೆಯದನ್ನು ಏರಿಸಿ ಎರಡನೆಯದನ್ನು ಇಳಿಸಿತು.

ಇನ್ನೂ ಒಂದು ಏಟು ಬಿದ್ದದ್ದು ಮುಚ್ಚಳದ ಆಕಾರದಿಂದ. ಬಿಗಿತವನ್ನು ನಾವೆಲ್ಲ ಒಳ್ಳೆಯ ಗುಣವೆಂದೇ ಎಣಿಸುತ್ತೇವೆ, ಮೇಲೆ ಭಾರ ಹೊರುವ ಕ್ರೇಟಿಗೆ, ಪೀಪಾಯಿಗೆ ಅದು ಸರಿಯೂ ಹೌದು. ಅಲ್ಲಿ ಹೊರೆ ಗೊತ್ತುಪಡಿಸಿದ್ದು, ಹಿಗ್ಗುವುದು ಎಷ್ಟು ಎಂಬುದು ವಸ್ತುವಿನ ಕೈಯಲ್ಲಿ. ನಮ್ಮ ಮುಚ್ಚಳದಲ್ಲಿ ಇದು ತಿರುಗುಮುರುಗು. ಡಬ್ಬಿಯ ಬಾಯಿಯ ಅಳತೆ ಬದಲಾಗದು, ಹಾಗಾಗಿ ಎಷ್ಟು ಹಿಗ್ಗಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ; ಆ ಹಿಗ್ಗಿಗೆ ಎಷ್ಟು ಸೆಳೆತ ಹುಟ್ಟುತ್ತದೆ ಎಂಬುದು ಮಾಡ್ಯುಲಸ್‌ನ ಕೈಯಲ್ಲಿ. ಬಿಗಿಯಾದ ಮುಚ್ಚಳ ತನ್ನ ಮೇಲೆ ತಾನೇ ಹೆಚ್ಚು ಸೆಳೆತ ತಂದುಕೊಳ್ಳುತ್ತದೆ.

ಸ್ಫಟಿಕಾಂಶ ಹೆಚ್ಚಾದರೆ ಅಚ್ಚಿನಿಂದ ಹೊರಬಂದ ಮೇಲೆ ಕುಗ್ಗುವುದೂ ಹೆಚ್ಚು. 110 ಮಿಲಿಮೀಟರ್ ವ್ಯಾಸದ ಮುಚ್ಚಳ ಶೇ 0.2ರಷ್ಟು ಜಾಸ್ತಿ ಕುಗ್ಗಿದರೆ ವ್ಯಾಸದಲ್ಲಿ 0.22 ಮಿಲಿಮೀಟರ್ ಕಡಿಮೆ. ಕ್ಯಾಲಿಪರ್ ಹಿಡಿದು ಅಳೆದರೂ ಒಪ್ಪಿಕೊಂಡ ವ್ಯತ್ಯಾಸದ ಮಿತಿಯೊಳಗೇ ಬರಬಹುದು. ಆದರೆ ಅಂಚು ಶೇ 1ರಷ್ಟು ಹಿಗ್ಗಲೆಂದು ವಿನ್ಯಾಸ ಮಾಡಿದ್ದರೆ ಈಗ ಹಿಗ್ಗಬೇಕಾದದ್ದು ಶೇ 1.2. ಜೊತೆಗೆ ಮಾಡ್ಯುಲಸ್ಸೂ ಐದನೇ ಒಂದು ಭಾಗ ಏರಿದೆ ಎಂದುಕೊಳ್ಳಿ: 1.2 ಗುಣಿಸು 1.2, ಸೆಳೆತ 1.44 ಪಟ್ಟು. ಇವು ವಿವರಣೆಗೆಂದು ಹಿಡಿದ ಅಂಕಿಗಳು, ಘಟಕದ ಅಳತೆಗಳಲ್ಲ. ಪಾಲಿಎಥಿಲೀನ್ ದಿನ ಕಳೆದಂತೆ ಸಡಿಲಗೊಳ್ಳುವುದರಿಂದ ಈ ಸೆಳೆತ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಬಿರುಕನ್ನು ತಡೆಯುವ ಶಕ್ತಿ ಕುಂದಿದ ವಸ್ತುವಿನ ಮೇಲೆ ಅಷ್ಟು ಹೆಚ್ಚಿನ ಸೆಳೆತ, ಪಕ್ಕದಲ್ಲೇ ಡಿಟರ್ಜೆಂಟ್. ಏಣಿನ ಚೂಪು ಮೂಲೆ ಸೆಳೆತವನ್ನು ಒಂದೆಡೆ ಒಟ್ಟುಗೂಡಿಸುವುದು ಬೇರೆ. ಖಾಲಿ ಮುಚ್ಚಳಗಳು ಬಿರಿಯದೆ ಉಳಿದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮುಂದೆ ಮಾಡಿದ್ದು

ಮೊದಲ ಪ್ರಶ್ನೆ ಸಹಜವಾಗಿಯೇ ಬಂತು: ನೂರಕ್ಕೆ ಹತ್ತರ ಬದಲು ಮೂರು ಹಾಕಿದರೆ? ಮೂರು ಭಾಗ ಮೇಣಕ್ಕೆ ಮೇಲಿನ ಲೆಕ್ಕದಲ್ಲೇ 0.97ರ 3.4ನೇ ಘಾತ, 0.90. ಸ್ನಿಗ್ಧತೆಯಲ್ಲಿ ಶೇ 10ರ ಇಳಿಕೆ. ಬ್ಯಾರೆಲ್ ಉಷ್ಣತೆಯನ್ನು 220ರಿಂದ 230ಕ್ಕೆ ಏರಿಸಿದರೂ ಸ್ನಿಗ್ಧತೆ ಶೇ 10ಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಅದಕ್ಕೆ ಮೇಣವೂ ಬೇಡ, ಬಿರುಕಿನ ಭಯವೂ ಇಲ್ಲ. ಮೂರು ಭಾಗ ಹಾಕಿ ಮಾಡಿದ ಪಟ್ಟಿಗಳು ಇಎಸ್‌ಸಿ ಪರೀಕ್ಷೆಯಲ್ಲಿ ಹತ್ತು ಭಾಗದವುಗಳಿಗಿಂತ ಬಾಳಿದವು, ಮೇಣವಿಲ್ಲದವುಗಳಷ್ಟು ಬಾಳಲಿಲ್ಲ. ಈ ವ್ಯಾಪಾರ ಗಿಟ್ಟುವುದಿಲ್ಲ ಎಂದೇ ಸಲಹೆ ಕೊಟ್ಟೆವು. ಮಾಲಿಗೆ ಬಣ್ಣ ಬರಲೆಂದು ಸೇರಿಸುವ ಗಾಢ ಬಣ್ಣದ ಕಾಳುಗಳಲ್ಲಿ, ಅಂದರೆ ಮಾಸ್ಟರ್‌ಬ್ಯಾಚಿನಲ್ಲಿ, ಬಣ್ಣದ ಪುಡಿಯನ್ನು ಹರಡಲು ತಯಾರಕರು ಹಾಕಿರುವ ಪಾಲಿಎಥಿಲೀನ್ ಮೇಣದ ತಂಟೆಗೆ ಹೋಗಲಿಲ್ಲ. ಮುಚ್ಚಳದ ತೂಕಕ್ಕೆ ಹೋಲಿಸಿದರೆ ಅದು ಗಣನೆಗೆ ಬಾರದಷ್ಟು, ಅದರ ಕೆಲಸವನ್ನು ಬೇರೆಯದು ಅಷ್ಟು ಚೆನ್ನಾಗಿ ಮಾಡುವುದೂ ಇಲ್ಲ.

ಎಂಎಫ್‌ಐ ಹೆಚ್ಚಿರುವ ಗ್ರೇಡು ತೆಗೆದುಕೊಳ್ಳಿ ಎಂದು ಸುಮ್ಮನೆ ಹೇಳುವಂತೆಯೂ ಇರಲಿಲ್ಲ. ಹರಿವು ಹೆಚ್ಚಿಸಲು ತಯಾರಕರು ಮಾಡುವುದೂ ಸರಪಳಿಗಳನ್ನು ಚಿಕ್ಕದಾಗಿಸುವುದನ್ನೇ, ಹಾಗಾಗಿ ಇಎಸ್‌ಸಿ ತಡೆಯುವ ಶಕ್ತಿ ಅಲ್ಲೂ ಇಳಿಯುತ್ತದೆ, ಮೇಣದಷ್ಟು ಕೆಟ್ಟದಾಗಿ ಅಲ್ಲದಿದ್ದರೂ. ಇದನ್ನು ಸರಿದೂಗಿಸುವ ಒಂದು ದಾರಿ ಕವಲಿನ ಉದ್ದ. ಎಲ್‌ಎಲ್‌ಡಿಪಿಇ ತಯಾರಿಸುವಾಗ ಎಥಿಲೀನ್ ಜೊತೆ ಬ್ಯೂಟೀನ್, ಹೆಕ್ಸೀನ್ ಅಥವಾ ಆಕ್ಟೀನ್ ಸೇರಿಸುತ್ತಾರೆ. ಬ್ಯೂಟೀನ್‌ನ ಗಿಡ್ಡ ಕವಲಿಗಿಂತ ಹೆಕ್ಸೀನ್, ಆಕ್ಟೀನ್‌ಗಳ ಉದ್ದ ಕವಲು ಸ್ಫಟಿಕದಿಂದ ಸರಪಳಿ ಜಾರಿ ಹೊರಬರುವುದನ್ನು ಚೆನ್ನಾಗಿ ತಡೆಯುತ್ತದೆ. ಘಟಕದವರು ಕೊನೆಗೆ ಒಪ್ಪಿದ್ದು ಎಂಎಫ್‌ಐ ಸ್ವಲ್ಪ ಮಾತ್ರ ಹೆಚ್ಚಿರುವ ಹೆಕ್ಸೀನ್ ಗ್ರೇಡು. ಜೊತೆಗೆ ಮೊದಲೇ ಆಗಬೇಕಿದ್ದ ಕೆಲಸ ಆಯಿತು: ಅಚ್ಚು ಟೂಲ್ ರೂಮಿಗೆ ಹೋಯಿತು. ದೂರದ ಎರಡು ಕುಳಿಗಳಿಗೆ ಮಾಲು ಸಾಗುವ ಕಾಲುವೆಯನ್ನು, ಅಂದರೆ ರನ್ನರನ್ನು, ಅಗಲ ಮಾಡಿದರು, ವೆಂಟುಗಳನ್ನು ಬಿಡಿಸಿದರು, ಏಣಿನ ಮೂಲೆಗೆ ಸಣ್ಣ ದುಂಡು ಕೊಟ್ಟರು. ನನ್ನನ್ನು ಕೇಳಿದರೆ ಆ ಮೂಲೆಯ ದುಂಡಿನ ಪಾಲು ಗ್ರೇಡು ಬದಲಾವಣೆಯ ಪಾಲಿಗಿಂತ ಕಡಿಮೆಯಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಬಿಡಿಸಿ ತೋರಿಸಲಾರೆ.

ಮೇಣವನ್ನು ಪ್ಲಾಸ್ಟಿಕ್‌ಗೆ ಬೆರೆಸುವುದೇ ತಪ್ಪು ಎಂದು ಯಾರಾದರೂ ಈ ಪ್ರಕರಣದಿಂದ ತಿಳಿದರೆ ಅದೂ ಅತಿಯಾಯಿತು. ಬಿಸಿಯನ್ನು ಹೀರಿ ಹಿಡಿದಿಡುವ ಹಲಗೆಗಳಿಗೆ ಪಾಲಿಎಥಿಲೀನ್‌ನಲ್ಲಿ ಪ್ಯಾರಾಫಿನ್ ಅನ್ನು ಶೇ 30, 50, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆರೆಸುತ್ತಾರೆ. ಅಲ್ಲಿ ಮೇಣ ಕರಗಿ ಗಟ್ಟಿಯಾಗುವುದೇ ಕೆಲಸ. ಗ್ರಾಂಗೆ 200 ಜೂಲ್ ಹೀರುವ ಮೇಣ ಅರ್ಧದಷ್ಟಿದ್ದರೆ ಹಲಗೆಯ ಒಂದು ಗ್ರಾಂ 100 ಜೂಲ್ ಹೀರುತ್ತದೆ. ಪಾಲಿಎಥಿಲೀನ್ ಇರುವುದು ಕರಗಿದ ಮೇಣ ಹರಿದುಹೋಗದಂತೆ ಹಿಡಿದುಕೊಳ್ಳಲು, ಅದಕ್ಕೆ 120–130 ಡಿಗ್ರಿವರೆಗೆ ಆಕಾರ ಕೆಡದಿದ್ದರೆ ಸಾಕು. ಅಂಥ ಹಲಗೆಯ ಅಂಚನ್ನು ಯಾರೂ ಹಿಗ್ಗಿಸಿ ಡಿಟರ್ಜೆಂಟಿನಲ್ಲಿ ಅದ್ದಿಡುವುದಿಲ್ಲ. ಅಲ್ಲಿನ ತಲೆನೋವು ಜಿನುಗುವಿಕೆ ಮತ್ತು ಬಿಸಿ ಒಳಗೆ ಬೇಗ ಹರಡದಿರುವುದು.

ಘಟಕದಲ್ಲಿ ಕೊನೆಗೆ ಉಳಿದ ತೊಡಕು ಪುಡಿ ಮಾಡಿದ ಮಾಲಿನದು. ಪ್ರತಿ ಶಾಟಿನಲ್ಲಿ ರನ್ನರಿನೊಳಗೆ ಗಟ್ಟಿಯಾದ ಮಾಲನ್ನೂ, ತಿರಸ್ಕೃತ ಮುಚ್ಚಳಗಳನ್ನೂ ಗ್ರೈಂಡರಿಗೆ ಹಾಕಿ ಹೊಸ ಮಾಲಿನ ಜೊತೆ ಬೆರೆಸುವುದು ಅಲ್ಲಿನ ರೂಢಿ. ಮೇಣ ಹಾಕುವುದನ್ನು ನಿಲ್ಲಿಸಿದ ಮೇಲೂ ಗ್ರೈಂಡಿಂಗ್ ಮಾಲಿನ ಮೂಲಕ ಅದು ಮುಚ್ಚಳಗಳಿಗೆ ಸೇರುತ್ತಲೇ ಇತ್ತು. ಯಾವ ಚೀಲದಲ್ಲಿ ಎಷ್ಟು ಎಂದು ಡಿಎಸ್‌ಸಿಯಲ್ಲಿ ಹೇಳಲಾಗಲಿಲ್ಲ, ಗಟ್ಟಿ ಮೇಣ ಆ ಒಂದೇ ಉಬ್ಬಿನೊಳಗೆ ಅಡಗಿತ್ತಲ್ಲ. ಬಿಸಿ ಹೆಪ್ಟೇನ್‌ನಲ್ಲಿ ನೆನೆಸಿ, ಬಿಟ್ಟುಕೊಂಡ ಅಂಶವನ್ನು ಒಣಗಿಸಿ ತೂಗಿ, ಮೇಣವಿಲ್ಲದ ಮಾಲಿನ ತೂಕದ ಜೊತೆ ಹೋಲಿಸಬೇಕಾಯಿತು. ಹೆಚ್ಚು ಬಂದ ಚೀಲಗಳಿಗೆ ಕೆಂಪು ಪಟ್ಟಿ ಅಂಟಿಸಿ ಬೇರೆ ಇಟ್ಟರು. ಅವು ಈಗ ಹೋಗುವುದು ಸೆಳೆತವೇ ಇಲ್ಲದ ಒಂದು ಸಾಮಾನಿಗೆ, ಡಬ್ಬಿಗಳ ಸಾಲುಗಳ ನಡುವೆ ಇಡುವ ಚಪ್ಪಟೆ ಬಿಲ್ಲೆಗಳಿಗೆ.